ಬಿಲ್ಲಿಗೆ ಡಿಗ್ರಿ ಗೊತ್ತಾಗುವುದಿಲ್ಲ

ಪ್ರಶ್ನೆ: ಮಗಳು ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದ್ದಾಳೆ. ಅಮೆರಿಕದಲ್ಲಿ ಫಿಸಿಯೋಥೆರಪಿಗೂ ಡಾಕ್ಟರೇಟ್ ಬೇಕಂತೆ, ಡಿಪಿಟಿ ಓದುತ್ತೇನೆ ಅನ್ನುತ್ತಾಳೆ. ಇದು ಪಿಎಚ್‌ಡಿಯಾ? ಮುಂದೆ ಬೆಲೆ ಇರುತ್ತದಾ? ಅಡಿಕೆ ತೋಟ ಅಡ ಇಟ್ಟು ಕಳಿಸಬಹುದಾ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ತೋಟದ ಮಾತು ಕೊನೆಗಿರಲಿ, ಅಮ್ಮ.

ಇದು ಪಿಎಚ್‌ಡಿ ಅಲ್ಲ. ಅದು ಸಂಶೋಧನೆಗೆ, ಇದು ರೋಗಿಯನ್ನು ನೋಡುವ ಕೆಲಸಕ್ಕೆ. ಡಿಗ್ರಿ ಆದಮೇಲೆ ಸಾಮಾನ್ಯವಾಗಿ ಮೂರು ವರ್ಷದ ಓದು. ಅಮೆರಿಕದ ಕ್ರೈಟನ್ ವಿಶ್ವವಿದ್ಯಾಲಯ ಇದನ್ನು 1993ರಲ್ಲಿ ಶುರು ಮಾಡಿತು. 2000ದಲ್ಲಿ ಅಮೆರಿಕದ ಫಿಸಿಯೋಗಳ ಸಂಘವೇ ಫಿಸಿಯೋಗಳಿಗೆ ಈ ಓದೇ ಇರಬೇಕು ಎಂಬ ಗುರಿ ಇಟ್ಟುಕೊಂಡಿತು. 2016ರಿಂದ ಕಾಲೇಜಿಗೆ ಮಾನ್ಯತೆ ಬೇಕೆಂದರೆ ಡಿಪಿಟಿಯನ್ನೇ ಕಲಿಸಬೇಕು.

ನಾನು ಅಮೆರಿಕದ ಓಹಾಯೋ ರಾಜ್ಯಕ್ಕೆ ಬಂದದ್ದು ಬರೀ ಬಿಪಿಟಿ ಹಿಡಿದುಕೊಂಡು. ಆಮೇಲೆ ಹಗಲು ಕೆಲಸ, ರಾತ್ರಿ ಓದು ಮಾಡಿ ಡಿಪಿಟಿ ಮುಗಿಸಿದೆ. ಸಂಬಳ? ಒಂದು ಡಾಲರೂ ಏರಲಿಲ್ಲ. 65 ದಾಟಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ವ್ಯಾಯಾಮ ಮಾಡಿಸಿದ್ದಕ್ಕೆ 15 ನಿಮಿಷದ ಲೆಕ್ಕದಲ್ಲಿ ಹಣ ಕೊಡುತ್ತದೆ. ಮಾಡಿಸಿದವರು ಹಳೇ ಡಿಗ್ರಿಯವರೋ ಡಾಕ್ಟರೇಟ್ ಆದವರೋ, ದರ ಒಂದೇ. ಎರಡು ವರ್ಷ ಓದಿದ ಸಹಾಯಕರು ಮಾಡಿಸಿದರೂ 2022ರಿಂದ ಆ ದರದ ಶೇ. 85 ಸಿಗುತ್ತದೆ. ಕ್ಲಿನಿಕ್ ಮಾಲೀಕರು ಯಾರನ್ನು ಜಾಸ್ತಿ ಇಟ್ಟುಕೊಳ್ಳುತ್ತಾರೆ ಹೇಳಿ!

ಹಾಗಂತ ಓದು ದಂಡವಾಗಲಿಲ್ಲ. ಒಮ್ಮೆ ಮೀನಖಂಡ ಹಿಡಿದುಕೊಂಡಿದೆ, ಸ್ವಲ್ಪ ತಿಕ್ಕಿಕೊಡಿ ಅಂತ ಒಬ್ಬರು ಬಂದರು. ಮುಟ್ಟಿದರೆ ಬಿಸಿ, ಒಂದೇ ಕಾಲು ಊದಿತ್ತು, ಹಿಂದಿನ ವಾರ ದೂರದ ವಿಮಾನ ಪ್ರಯಾಣ ಬೇರೆ. ತಿಕ್ಕಲಿಲ್ಲ, ನೇರ ಎಮರ್ಜೆನ್ಸಿಗೆ ಕಳಿಸಿದೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಯಾವ ನೋವು ನಮ್ಮದು, ಯಾವುದು ನಮ್ಮದಲ್ಲ ಅಂತ ಗುರುತಿಸುವುದಕ್ಕೇ ಆ ಹೆಚ್ಚಿನ ಓದು. ಈಗ 50 ರಾಜ್ಯಗಳಲ್ಲೂ ವೈದ್ಯರ ಚೀಟಿ ಇಲ್ಲದೆ ಒಂದಲ್ಲ ಒಂದು ಮಟ್ಟಿಗೆ ನಮ್ಮ ಹತ್ತಿರ ನೇರ ಬರಬಹುದು. ಆದರೆ ಮೆಡಿಕೇರ್ ಮಾತ್ರ ನಮ್ಮ ಚಿಕಿತ್ಸೆಗೆ ವೈದ್ಯರ ಒಪ್ಪಿಗೆ ಕೇಳುತ್ತದೆ. ಡಾಕ್ಟರ್ ಅಂತ ಕರೆದು ಕೈಗೆ ಚಿಲ್ಲರೆ ಕೊಟ್ಟ ಹಾಗೆ, ಅಲ್ವಾ? ಈ ಗಂಟು ಬಿಚ್ಚುವವರೆಗೆ ಡಿಪಿಟಿಗೆ ಗೌರವ ಇರುತ್ತದೆ, ಅದಕ್ಕೆ ತಕ್ಕ ದುಡ್ಡು ಇರುವುದಿಲ್ಲ. ಕೆಲಸಕ್ಕೇನೂ ಬರವಿಲ್ಲ, ಮುದುಕರು ಹೆಚ್ಚುತ್ತಿದ್ದಾರೆ, ಮೊಣಕಾಲೂ ಸವೆಯುತ್ತಿವೆ.

ಇನ್ನು ತೋಟ. ಅಡ ಇಡಬೇಡಿ, ಈಗಲೇ ಬೇಡ. ನಮ್ಮ ಬಿಪಿಟಿಯವರು ಇಲ್ಲಿ ಕೆಲಸ ಮಾಡಲು ಡಿಪಿಟಿ ಮಾಡಲೇಬೇಕು ಅಂತಿಲ್ಲ. ಮೊದಲು ಅಂಕಪಟ್ಟಿ, ಸಿಲಬಸ್ ಕಳಿಸಿ ಇಲ್ಲಿನ ಓದಿಗೆ ಸಮವೇ ಅಂತ ತೂಗಿಸಬೇಕು. ಕೊರತೆ ಬಿದ್ದ ವಿಷಯ ಓದಿ, ರಾಷ್ಟ್ರೀಯ ಪರೀಕ್ಷೆ ಪಾಸಾದರೆ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ನಿಯಮ ರಾಜ್ಯಕ್ಕೊಂದು, ವೀಸಾದ ತಲೆನೋವು ಬೇರೆ. ಮಗಳು ಯಾವ ರಾಜ್ಯ ಅಂತ ಯೋಚಿಸಿದ್ದಾಳೆ, ಅವಳ ಕೈಲೇ ಬರೆಸಿ ಕಳಿಸಿ. ಕಾಲೇಜಿನಿಂದ ವಿಷಯವಾರು ಗಂಟೆಗಳ ಲೆಕ್ಕಕ್ಕೆ ಇವತ್ತೇ ಅರ್ಜಿ ಕೊಡಲಿ. ನನಗೆ ಆ ಒಂದು ಕಾಗದಕ್ಕೇ ಏಳು ತಿಂಗಳು ಹಿಡಿದಿತ್ತು.