ಡೊರೊಥಿಯಾಳ ಅಧ್ಯಾಯಗಳಷ್ಟೇ ಸಾಲದೆ?

ಪ್ರಶ್ನೆ: ಜಾರ್ಜ್ ಎಲಿಯಟ್ ಅವರ ‘ಮಿಡ್ಲ್‌ಮಾರ್ಚ್’ ಓದುತ್ತಿದ್ದೇನೆ. ಡೊರೊಥಿಯಾ ಬ್ರೂಕ್ ವಯಸ್ಸಾದ ವಿದ್ವಾಂಸ ಕ್ಯಾಸಾಬನ್‌ನನ್ನು ಮದುವೆಯಾಗುವವರೆಗೆ ಕಥೆ ಹಿಡಿದಿಟ್ಟುಕೊಂಡಿತು. ಆಮೇಲೆ ಲಿಡ್‌ಗೇಟ್ ಎಂಬ ವೈದ್ಯನ ಆಸ್ಪತ್ರೆ, ಸಾಲಗಳ ಪ್ರಸಂಗವೇ ಬೆಳೆಯುತ್ತದೆ. ಎರಡು ಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಕಟ್ಟಿದಂತಿದೆ. ಡೊರೊಥಿಯಾಳ ಅಧ್ಯಾಯಗಳನ್ನಷ್ಟೇ ಓದಿದರೆ ಸಾಲದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರವಿದೆ. ಎಲಿಯಟ್ 1869ರಲ್ಲಿ ಬರೆಯತೊಡಗಿದ್ದು ಲಿಡ್‌ಗೇಟ್ ಮತ್ತು ವಿನ್ಸಿ ಕುಟುಂಬದ ಕಥೆಯನ್ನು. ‘ಮಿಸ್ ಬ್ರೂಕ್’ ಎಂಬ ಬೇರೆಯೇ ಕಥೆಯನ್ನು ಆಕೆ ಕೈಗೆತ್ತಿಕೊಂಡದ್ದು 1870ರ ಕೊನೆಯಲ್ಲಿ. ಇವೆರಡೂ ಒಂದಾಗಿ 1871–72ರಲ್ಲಿ ಎಂಟು ಭಾಗಗಳಲ್ಲಿ ಪ್ರಕಟವಾದವು. ಆದರೂ ಲಿಡ್‌ಗೇಟ್‌ನನ್ನು ಬಿಟ್ಟು ಓದಿದರೆ ಡೊರೊಥಿಯಾಳೂ ನಿಮಗೆ ಪೂರ್ತಿ ಸಿಗುವುದಿಲ್ಲವೆಂದೇ ನನ್ನ ಅಭಿಪ್ರಾಯ. ಏಕೆಂಬುದನ್ನು ಹೇಳಬೇಕಾದರೆ ಮುಂದಿನ ಕಥೆಯನ್ನು ತುಸು ಬಿಟ್ಟುಕೊಡದೆ ವಿಧಿಯಿಲ್ಲ.

ವಿನ್ಸಿ ಕುಟುಂಬದ ಮಗಳು ರೋಸಮಂಡಳನ್ನು ಮದುವೆಯಾಗಿ ಮನೆಯ ಸಾಮಾನುಗಳಿಗಾಗಿ ಸಾಲದಲ್ಲಿ ಮುಳುಗಿದ ಲಿಡ್‌ಗೇಟ್, ಬ್ಯಾಂಕರ್ ಬುಲ್‌ಸ್ಟ್ರೋಡ್‌ನಿಂದ 1,000 ಪೌಂಡ್ ಪಡೆಯುತ್ತಾನೆ. ಅದೇ ಹೊತ್ತಿಗೆ, ಬುಲ್‌ಸ್ಟ್ರೋಡ್‌ನ ಹಳೆಯ ಗುಟ್ಟುಗಳನ್ನು ಬಲ್ಲ ರ್‍ಯಾಫಲ್ಸ್ ಎಂಬವನು ಲಿಡ್‌ಗೇಟ್‌ನ ಚಿಕಿತ್ಸೆಯಲ್ಲಿದ್ದಾಗಲೇ, ವೈದ್ಯನ ಸೂಚನೆಗೆ ವಿರುದ್ಧವಾಗಿ ಕೊಟ್ಟ ಬ್ರಾಂದಿ ಕುಡಿದು ಸಾಯುತ್ತಾನೆ. ಊರು ಹಣಕ್ಕೂ ಸಾವಿಗೂ ಗಂಟು ಹಾಕುತ್ತದೆ. ಯಾರ ಸಾಲವನ್ನು ಯಾರು ತೀರಿಸಿದರೆಂಬುದು ಸಂಜೆಯೊಳಗೆ ಹೋಟೆಲಿನ ಮೇಜುಗಳಿಗೆಲ್ಲ ಗೊತ್ತಾಗಿಬಿಡುವುದನ್ನು ಮಂಡ್ಯದವರಾದ ನಿಮಗೆ ವಿವರಿಸಬೇಕಿಲ್ಲ. ಕಾಲರಾ ಮುನ್ನೆಚ್ಚರಿಕೆಗೆಂದು ಸೇರಿದ ಸಭೆಯಲ್ಲಿ ಮಾನ ಕಳೆದುಕೊಂಡು ತತ್ತರಿಸುತ್ತಿದ್ದ ಬುಲ್‌ಸ್ಟ್ರೋಡ್‌ನನ್ನು ಲಿಡ್‌ಗೇಟ್ ತೋಳು ಹಿಡಿದು ಹೊರಗೆ ಕರೆದೊಯ್ಯುತ್ತಾನೆ. ವೈದ್ಯನಾದವನು ಮಾಡಲೇಬೇಕಾದ ಆ ಉಪಚಾರವೇ ಅವನ ವಿರುದ್ಧದ ಸಾಕ್ಷಿಯಾಗುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಕ್ರೂರವೆನಿಸಿದ ಪ್ರಸಂಗವಿದು.

ಊರೆಲ್ಲ ಮುಖ ತಿರುಗಿಸಿದಾಗ, ಹಿತೈಷಿಗಳು ಬೇಡವೆಂದರೂ ಅವನನ್ನು ನಂಬಿ ಮುಂದೆ ಬರುವವಳು ಡೊರೊಥಿಯಾ. ಕ್ಯಾಸಾಬನ್ ತನ್ನ ಉಯಿಲಿನಲ್ಲಿ, ತನ್ನ ಯುವ ಬಂಧು ವಿಲ್ ಲ್ಯಾಡಿಸ್ಲಾನನ್ನು ಮದುವೆಯಾದರೆ ಆಸ್ತಿ ಸಿಗದೆಂಬ ಷರತ್ತು ಹಾಕಿ ಅವಳ ಮೇಲೆ ಹೊರಿಸಿದ ಅವಮಾನವನ್ನು ನೆನೆದರೆ, ಅನ್ಯಾಯದ ಸಂಶಯ ಎಂಥದೆಂದು ಅವಳಿಗೆ ಗೊತ್ತಿರಲೇಬೇಕು. ಬುಲ್‌ಸ್ಟ್ರೋಡ್‌ನ ಹಣವನ್ನು ಹಿಂದಿರುಗಿಸಲು 1,000 ಪೌಂಡ್ ಕೊಡುವವಳೂ ಅವಳೇ. ಅಷ್ಟಕ್ಕೇ ನಿಲ್ಲದೆ ಅವಳು ರೋಸಮಂಡಳನ್ನು ಸಂತೈಸಲು ಹೋಗುತ್ತಾಳೆ. ವಿಲ್ ಪ್ರೀತಿಸುವುದು ತನ್ನನ್ನೇ ಎಂಬ ಸತ್ಯ ಅವಳಿಗೆ ತಿಳಿಯುವುದು ಆ ಮನೆಯಲ್ಲಿ, ರೋಸಮಂಡಳ ಬಾಯಿಂದ.

ಆದ್ದರಿಂದ 71ನೆಯ ಅಧ್ಯಾಯದಿಂದ 81ರವರೆಗೆ ಏನನ್ನೂ ಬಿಡಬೇಡಿ. ಬೇಗ ಮುಗಿಸಲೇಬೇಕೆಂದಿದ್ದರೆ, ಡೊರೊಥಿಯಾಳ ಪೋಷಕ ಬ್ರೂಕ್ ಮಹಾಶಯರ ಚುನಾವಣಾ ಸಾಹಸದ ಪುಟಗಳನ್ನು ಮೇಲೆ ಮೇಲೆ ಓದಿಕೊಳ್ಳಬಹುದು.