ರೋಬೋ ಗುದ್ದಿದರೆ ಕಾರು ಸಾಕ್ಷಿ ಹೇಳುತ್ತಾ?

ಪ್ರಶ್ನೆ: ನನಗೆ 71 ವರ್ಷ. ದಿನಾ ಬೆಳಿಗ್ಗೆ ಕೋಲು ಹಿಡಿದು ವಾಕಿಂಗ್ ಹೋಗುತ್ತೇನೆ. ಒಂದು ಕಿವಿ ಮಂದ. ಮನೆಮನೆಗೆ ಸಾಮಾನು ತಲುಪಿಸುವ ರೋಬೋಗಳು ಮುಂದೆ ನಮ್ಮ ಫುಟ್‌ಪಾತ್‌ಗೂ ಬರುತ್ತವೆ, ಅವು ಅಡ್ಡಾದಿಡ್ಡಿ ಓಡಿದರೆ ಪಕ್ಕದಲ್ಲಿ ಹೋಗುವ ಕಾರಿನ ಸೆನ್ಸರ್‌ಗಳೇ ಹಿಡಿದುಕೊಡುತ್ತವೆ ಅಂತ ಮೊಮ್ಮಗ ಹೇಳುತ್ತಾನೆ. ನಿಜವೇ? ಅದರಲ್ಲಿ ನಾನೂ ರೆಕಾರ್ಡ್ ಆಗುತ್ತೇನಾ?
– ಒಬ್ಬ ಓದುಗರು, ಎಸ್.ಎಸ್. ಪುರಂ, ತುಮಕೂರು

ಉತ್ತರ: ಅಮ್ಮಾ, ನಿಮ್ಮ ಮೊಮ್ಮಗ ಹೇಳಿದ್ದು ಆಗದ ಮಾತಲ್ಲ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಊರಿನಲ್ಲಿ 2018ರಿಂದಲೇ ಸ್ಟಾರ್‌ಶಿಪ್ ಕಂಪನಿಯ ರೋಬೋಗಳು ಫುಟ್‌ಪಾತ್ ಮೇಲೆ ದಿನಸಿ ಹೊತ್ತು ಓಡಾಡುತ್ತಿವೆ. ಆರು ಚಕ್ರದ ಪೆಟ್ಟಿಗೆ, ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗ. ನಾವು ಬಿರುಸಾಗಿ ನಡೆದಷ್ಟು. ಆದರೆ ಕೋಲು ಹಿಡಿದವರ ಕಾಲಿಗೆ ಅಷ್ಟು ವೇಗವೂ ಜಾಸ್ತಿನೇ.

ರೋಬೋ ಒಳಗೂ ಕ್ಯಾಮೆರಾ ಇರುತ್ತದೆ. ಆದರೆ ಆ ರೆಕಾರ್ಡ್ ಇರುವುದು ಅದನ್ನು ಓಡಿಸುವ ಕಂಪನಿ ಕೈಯಲ್ಲಿ. ಗುದ್ದಿದವರೇ ಸಾಕ್ಷಿಯನ್ನೂ ಇಟ್ಟುಕೊಂಡ ಹಾಗೆ. ಅದಕ್ಕೇ ಪಕ್ಕದ ಕಾರಿನ ಕಣ್ಣು ನನಗೆ ಮುಖ್ಯ ಅನಿಸುತ್ತದೆ. ಅದು ಬೇರೆಯವರ ಕಣ್ಣು, ಅಲ್ವಾ?

ಆ ಕಣ್ಣು ಎಷ್ಟು ಕಾಣುತ್ತದೆ ಅಂತ ಬಟವಾಡಿ ಹತ್ತಿರದ ನಮ್ಮ ವರ್ಕ್‌ಶಾಪ್‌ನಲ್ಲೇ ಒಮ್ಮೆ ನೋಡಿದೆ. ಬಂಪರ್ ಬದಲಿಸಿದ ಕಾರಿನ ರೇಡಾರ್, ಅಂದರೆ ರೇಡಿಯೋ ಅಲೆ ಕಳಿಸಿ ಎದುರಿಗಿರುವುದನ್ನು ಪತ್ತೆ ಮಾಡುವ ಸೆನ್ಸರ್, ಸರಿಮಾಡಿ, ಮುಂದೆ ಖಾಲಿ ಪ್ಲಾಸ್ಟಿಕ್ ಡ್ರಮ್ ಇಟ್ಟೆ. ರೇಡಾರ್‌ಗೆ ಕಂಡದ್ದನ್ನು ತೋರಿಸುವ ಸ್ಕ್ಯಾನರ್‌ನಲ್ಲಿ ಅದು ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಡ್ರಮ್ಮಿನೊಳಗೆ ಹಳೇ ಬ್ಯಾಟರಿ ಇಟ್ಟೆ. ತಕ್ಷಣ ಗಟ್ಟಿಯಾಗಿ ಕಂಡಿತು. ರೇಡಾರ್ ಅಲೆ ಪ್ಲಾಸ್ಟಿಕ್ಕನ್ನು ಹೆಚ್ಚುಕಡಿಮೆ ದಾಟಿ ಹೋಗುತ್ತದೆ, ಲೋಹಕ್ಕೆ ತಾಗಿದರೆ ವಾಪಸ್ ಬರುತ್ತದೆ. ಅಂದರೆ ಪ್ಲಾಸ್ಟಿಕ್ ಮೈಯ ಪುಟ್ಟ ರೋಬೋ ಅದಕ್ಕೆ ಅರೆಬರೆ ಕಾಣಬಹುದು. ದೂರ, ವೇಗ ಅಳೆಯುವುದರಲ್ಲಿ ರೇಡಾರ್ ಗಟ್ಟಿಗ. ಅದು ಏನು ಅಂತ ಗುರುತು ಹಿಡಿಯುವುದಕ್ಕೆ ಕ್ಯಾಮೆರಾ ಬೇಕು. ಲೇಸರ್ ಬೆಳಕಿನಿಂದ ಆಕಾರ ಅಳೆಯುವ ಲೈಡಾರ್ ಇದ್ದರೆ ಇನ್ನೂ ಒಳ್ಳೆಯದು. ನಡುವೆ ಒಂದು ಆಟೋ ನಿಂತಿತೋ, ಕ್ಯಾಮೆರಾಗೂ ಲೈಡಾರ್‌ಗೂ ಏನೂ ಕಾಣದು.

ಜಾಗದ ಲೆಕ್ಕವೂ ಅಷ್ಟು ಸುಲಭ ಇಲ್ಲ. ಕಾರಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ನಮ್ಮ ಬಿ.ಎಚ್. ರಸ್ತೆಯ ಫುಟ್‌ಪಾತ್ ಎಷ್ಟು ಅಗಲ ಇದೆ ಅಂತ ನಿಮಗೇ ಗೊತ್ತು. ರೋಬೋ ಫುಟ್‌ಪಾತ್ ಮೇಲಿತ್ತಾ, ರಸ್ತೆಗೆ ಇಳಿದಿತ್ತಾ ಅಂತ ಜಿಪಿಎಸ್ ಒಂದನ್ನೇ ನಂಬಿ ಹೇಳಲಾಗದು. ಯಾರ ರೋಬೋ ಅಂತಲೂ ಗೊತ್ತಾಗಬೇಕು. ಸ್ಕೂಟರಿಗೆ ಇರುವ ಹಾಗೆ ಇದಕ್ಕೂ ದೊಡ್ಡ ಅಕ್ಷರದ ನಂಬರ್ ಇರಲೇಬೇಕು, ಅದೂ ನಾಲ್ಕೂ ಕಡೆ.

ಕಂಡದ್ದು ಬೇರೆ, ಗುರುತು ಸಿಕ್ಕಿದ್ದು ಬೇರೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಟೆಂಪಿ ನಗರದಲ್ಲಿ, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಊಬರ್‌ನ ಸ್ವಯಂಚಾಲಿತ ಕಾರು ಗುದ್ದಿತು. ಆಕೆ ತೀರಿಕೊಂಡರು. ಗುದ್ದುವುದಕ್ಕೆ 5.6 ಸೆಕೆಂಡ್ ಮೊದಲೇ ಸೆನ್ಸರ್‌ಗೆ ಆಕೆ ಕಂಡಿದ್ದರು. ಆದರೆ ಒಮ್ಮೆ ವಾಹನ, ಒಮ್ಮೆ ಬೇರೇನೋ, ಒಮ್ಮೆ ಸೈಕಲ್ ಅಂತ ಲೆಕ್ಕ ಬದಲಾಗುತ್ತಲೇ ಹೋಯಿತು. ಈ 5.6 ಸೆಕೆಂಡ್ ನಮಗೆ ಗೊತ್ತಾಗಿದ್ದು ಹೇಗೆ? ಕಾರಿನ ರೆಕಾರ್ಡ್ ಇತ್ತು, ಅಲ್ಲಿನ ಸರ್ಕಾರಿ ತನಿಖಾ ಸಂಸ್ಥೆ ಅದನ್ನು ಪರಿಶೀಲಿಸಿ ಜನರ ಮುಂದಿಟ್ಟಿತು. ನಮಗೂ ಬೇಕಾಗಿರುವುದು ಅದೇ. ಕೇಳಿದಾಗ ರೆಕಾರ್ಡ್ ಕೈಗೆ ಸಿಗಬೇಕು. ಸುಮ್ನೆ ಕಾರಿಗೆ ಕಣ್ಣು ಜೋಡಿಸಿದರೆ ಸಾಲದು.

ನಿಮ್ಮ ಇನ್ನೊಂದು ಪ್ರಶ್ನೆ. ಹೌದು ಅಮ್ಮಾ, ಕ್ಯಾಮೆರಾ ರೋಬೋ ಜೊತೆ ನಿಮ್ಮನ್ನೂ ಹಿಡಿಯುತ್ತದೆ. ಇದು ನನಗೂ ಬೇಸರದ ವಿಷಯ. ರೋಬೋ ತಪ್ಪು ಮಾಡಿತಾ ಅಂತ ನೋಡಲು ಸಮಯ, ಜಾಗ, ವೇಗ, ದೂರ ಸಾಕು. ನೀವು ಯಾವ ಹೊತ್ತಿಗೆ ಎಲ್ಲಿಗೆ ನಡೆದಿರಿ ಅನ್ನುವುದು ಯಾರಿಗೂ ಬೇಕಿಲ್ಲ. ಮುಖ ಅಳಿಸಿಯೇ ಇಡಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದೇ ಹೇಳಿದೆ. ಆ ಹಕ್ಕು ಮನೆ ಬಾಗಿಲಿಗೇ ಮುಗಿಯುವುದಿಲ್ಲ.

ಒಂದು ವೇಳೆ ಅಂಥದ್ದು ತಾಗಿದರೆ ಮೊದಲು ಕೂತುಕೊಳ್ಳಿ. ಪಕ್ಕದವರಿಗೆ ಹೇಳಿ ಸಮಯ, ರೋಬೋ ನಂಬರ್, ಅಕ್ಕಪಕ್ಕ ನಿಂತ ಕಾರುಗಳ ನಂಬರ್ ಬರೆಸಿಕೊಳ್ಳಿ. ಪೊಲೀಸರಿಗೆ ಅವತ್ತೇ ತಿಳಿಸಿ. ಯಾಕೆಂದರೆ ಡ್ಯಾಶ್‌ಕ್ಯಾಮ್, ಅಂದರೆ ಕಾರಿನೊಳಗೆ ಕೂರಿಸಿ ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ, ಅದರ ಕಾರ್ಡ್ ತುಂಬಿದರೆ ಹಳೆಯದು ಅಳಿಸಿ ಹೋಗುತ್ತದೆ.

ಪ್ರಶ್ನೆ: ನನ್ನ ಕಾರಿನ ಹಿಂದಿನ ಬಂಪರ್‌ನಲ್ಲಿ ನಾಲ್ಕು ಸೆನ್ಸರ್ ಇವೆ. ಅಡ್ಡಾದಿಡ್ಡಿ ಓಡುವ ರೋಬೋ ಹಿಡಿದುಕೊಡುವ ಕೆಲಸಕ್ಕೆ ಅವು ಆಗುತ್ತವಾ?
– ಒಬ್ಬ ಕಾರು ಮಾಲೀಕರು, ಮಾಲೂರು

ಉತ್ತರ: ಆಗುವುದಿಲ್ಲ ಸಾರ್. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ರಿವರ್ಸ್ ಸೆನ್ಸರ್ ಇವು. ನಮ್ಮ ಕಿವಿಗೆ ಕೇಳದ ಶಬ್ದ ಕಳಿಸಿ, ಅದು ವಾಪಸ್ ಬರುವ ಹೊತ್ತು ನೋಡಿ, ಹತ್ತಿರ ಏನಾದರೂ ಇದ್ದರೆ ಬೀಪ್ ಅನ್ನುತ್ತವೆ, ಅಷ್ಟೆ. ಏನು ಅಂತ ಹೇಳವು, ರೆಕಾರ್ಡೂ ಇಡುವುದಿಲ್ಲ. ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ ಇದ್ದರೆ ಅದು ಕೆಲಸಕ್ಕೆ ಬರುತ್ತದೆ. ಆದರೆ ನಮ್ಮಲ್ಲಿಗೆ ಬರುವ ಎಷ್ಟೋ ಕಾರುಗಳಲ್ಲಿ ಅದರ ತಾರೀಖೇ ತಪ್ಪಿರುತ್ತದೆ. ಹಾಗಿದ್ದರೆ ಎಷ್ಟು ಚೆನ್ನಾಗಿ ರೆಕಾರ್ಡ್ ಆಗಿದ್ದರೂ ಯಾವತ್ತಿನದು ಅಂತ ತೋರಿಸುವುದು ಕಷ್ಟ. ಇವತ್ತು ಕಾರಿನಲ್ಲಿ ಕೂತಾಗ ಡ್ಯಾಶ್‌ಕ್ಯಾಮ್ ಟೈಮನ್ನು ಮೊಬೈಲ್ ಟೈಮಿಗೆ ಹೋಲಿಸಿ ಸರಿಮಾಡಿಕೊಳ್ಳಿ.