ಎರಡು ಸ್ಯಾಡಲ್‌ನ ಮ್ಯಾನುಯಲ್ ಟೆಲಿಸ್ಕೋಪ್ ಮೌಂಟ್ ತಗೋಬಹುದಾ? ತಂದ ಮೇಲೆ ಏನೇನು ಬದಲಾಯಿಸಬೇಕು?

ನೀವು ಕೇಳಿದ್ದು ಇಷ್ಟು. ಎಡಕ್ಕೊಂದು ಬಲಕ್ಕೊಂದು ಸ್ಯಾಡಲ್ (ಟೆಲಿಸ್ಕೋಪ್ ಕೂರಿಸಿ ಬಿಗಿಯುವ ಹಿಡಿ) ಇರುವ, ಮೋಟಾರ್ ಇಲ್ಲದ ಆಲ್ಟ್-ಅಜಿಮತ್ (ಮೇಲೆ-ಕೆಳಗೆ, ಎಡ-ಬಲ ತಿರುಗುವ) ಮೌಂಟ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ನಿಮ್ಮ ಹತ್ತಿರ 6 ಇಂಚಿನ ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್) ಮತ್ತು 80 ಮಿ.ಮೀ. ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪ್) ಇವೆ. ಬೆಂಗಳೂರಿನ ಟೆರೇಸ್ ಮೇಲೆ ಇದು ಕೆಲಸಕ್ಕೆ ಬರುತ್ತಾ, ತಂದರೆ ಏನೇನು ಮಾರ್ಪಾಡು ಮಾಡಿಸಬೇಕು?

ತಗೊಳ್ಳಿ. ನನ್ನ ಹತ್ತಿರ ಇಂಥದ್ದೇ ಒಂದು ಆರು ವರ್ಷದಿಂದ ಇದೆ, ಮೇಲೆ ಕೂರುವ ಜೋಡಿಯೂ ಹೆಚ್ಚುಕಡಿಮೆ ನಿಮ್ಮದೇ. ಆದರೆ ಈಗಲೇ ಮಾರ್ಪಾಡಿನ ಪಟ್ಟಿ ಬರೆದುಕೊಂಡು ಕೂರಬೇಡಿ. ಮೊದಲು ಒಂದು ಅಭ್ಯಾಸ ಮಾಡಿಕೊಳ್ಳಿ. ನಾನು ಅದನ್ನು ಕಲಿತದ್ದು ಒಂದು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕಳೆದುಕೊಂಡು.

ಮೌಂಟ್ ತಂದ ಮೊದಲ ಚಳಿಗಾಲ. ಎರಡೂ ಟೆಲಿಸ್ಕೋಪ್ ಹಾಕಿದ್ದೆ. ಕ್ಲಚ್ (ಮೌಂಟ್ ತಿರುಗದಂತೆ ಬಿಗಿ ಹಿಡಿಯುವ ಭಾಗ) ಸಡಿಲ ಬಿಟ್ಟರೂ ಎಲ್ಲಿ ತಿರುಗಿಸಿದರೆ ಅಲ್ಲೇ ನಿಲ್ಲುತ್ತಿತ್ತು. ಬ್ಯಾಲೆನ್ಸ್ ಅದ್ಭುತವಾಗಿದೆ ಅಂತ ಬೀಗುತ್ತಿದ್ದೆ. ಚಂದ್ರ ನೀರಿನ ಟ್ಯಾಂಕ್ ಹಿಂದೆ ಹೋದ. ಪಕ್ಕದ ಮನೆ ಹುಡುಗನಿಗೆ ಆ ಮೂಲೆಯಿಂದ ತೋರಿಸೋಣ ಅಂತ ರಿಫ್ರಾಕ್ಟರ್ ಬಿಚ್ಚಿ ಕೈಗೆ ತಗೊಂಡೆ, ಅಷ್ಟೇ. ಆ ಕಡೆ ನ್ಯೂಟೋನಿಯನ್‌ನ ಮೂತಿ ಧಡಕ್ಕನೆ ಕೆಳಗೆ ಹೋಗಿ ಟ್ರೈಪಾಡ್ ಕಾಲಿಗೆ ಬಡಿಯಿತು. ಐಪೀಸ್ ಅದನ್ನು ಹಿಡಿದಿರುವ ಫೋಕಸರ್‌ನಿಂದ ಜಾರಿ ನೆಲಕ್ಕೆ ಬಿದ್ದು ಗಾಜಿನ ಅಂಚು ಸಿಡಿಯಿತು. ಹುಡುಗ ನನ್ನ ಮುಖ ನೋಡಿ, "ಪರ್ವಾಗಿಲ್ಲ ಅಂಕಲ್, ಇನ್ನೊಂದು ಇದೆಯಲ್ಲಾ" ಅಂದ.

ಆಗಿದ್ದೇನು ಅಂದರೆ, ನ್ಯೂಟೋನಿಯನ್‌ಗೆ ಮೂತಿ ಭಾರ ಇತ್ತು. ಫೋಕಸರ್, ಫೈಂಡರ್ (ಗುರಿ ಹುಡುಕುವ ಪುಟ್ಟ ದುರ್ಬೀನು), ಐಪೀಸ್ ಎಲ್ಲ ಮುಂದಿನ ತುದಿಯಲ್ಲೇ ಇರುತ್ತವಲ್ಲ. ರಿಫ್ರಾಕ್ಟರ್‌ಗೆ ಬಾಲ ಭಾರ ಇತ್ತು, ಅದರ ಡಯಾಗನಲ್ (ಬೆಳಕನ್ನು ಕಣ್ಣಿನ ಕಡೆ ತಿರುಗಿಸುವ ಕನ್ನಡಿ) ಮತ್ತು ಐಪೀಸ್ ಇರುವುದು ಹಿಂದೆ. ಇಂಥ ಮೌಂಟ್‌ನಲ್ಲಿ ಎರಡೂ ಒಂದೇ ಅಡ್ಡ ಶಾಫ್ಟ್‌ನ ಎರಡು ತುದಿಯಲ್ಲಿ ಕೂರುತ್ತವೆ. ಹಾಗಾಗಿ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಟ್ಟಿತ್ತು. ಎರಡೂ ಇರುವ ತನಕ ಸರಿ, ಒಂದು ತೆಗೆದ ಕೂಡಲೇ ಬಣ್ಣ ಬಯಲು.

ಅವತ್ತಿನಿಂದ ನನ್ನ ಪದ್ಧತಿ ಇದು. ಮೊದಲು ಭಾರದ ಟೆಲಿಸ್ಕೋಪ್ ಒಂದನ್ನೇ ಹಾಕಿ. ಐಪೀಸ್, ಫೈಂಡರ್ ಎಲ್ಲ ಜೋಡಿಸಿಕೊಂಡು, ಮುಚ್ಚಳ ತೆಗೆದು, ಕ್ಲಚ್ ನಿಧಾನವಾಗಿ ಸಡಿಲಿಸಿ. ಇನ್ನೊಂದು ಕೈ ಟ್ಯೂಬ್ ಮೇಲಿರಲಿ. ಮೂತಿ ಇಳಿದರೆ ಟ್ಯೂಬನ್ನು ಹಿಂದಕ್ಕೆ ಜರುಗಿಸಿ, ಬಾಲ ಇಳಿದರೆ ಮುಂದಕ್ಕೆ. ನಿಂತ ಜಾಗಕ್ಕೆ ಡವ್‌ಟೇಲ್ (ಸ್ಯಾಡಲ್‌ನೊಳಗೆ ಕೂರುವ, ಟ್ಯೂಬ್‌ಗೆ ಹಾಕಿದ ಪಟ್ಟಿ) ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಅದನ್ನು ತೆಗೆದು ಎರಡನೆಯದಕ್ಕೂ ಹೀಗೇ ಮಾಡಿ. ಆಮೇಲೆ ಎರಡನ್ನೂ ಒಟ್ಟಿಗೆ ಹಾಕಿ. ಕತ್ತಲಲ್ಲಿ ಗೆರೆಗೆ ಗೆರೆ ಕೂಡಿಸಿದರೆ ಮುಗಿಯಿತು.

ಇದರಲ್ಲೇ ಇನ್ನೊಂದು ಮರಿ ತೊಂದರೆ ಇದೆ. ಟ್ಯೂಬ್ ಅಡ್ಡ ಇದ್ದಾಗ ಚೆನ್ನಾಗಿ ನಿಲ್ಲುತ್ತದೆ, ಮೇಲಕ್ಕೆ ಎತ್ತಿದರೆ ಹಿಂದಕ್ಕೆ ವಾಲುತ್ತದೆ. ಫೈಂಡರ್ ಟ್ಯೂಬ್‌ನ ಬೆನ್ನ ಮೇಲೆ ಇರುವುದರಿಂದ ಒಟ್ಟು ತೂಕದ ನಡುಬಿಂದು ಶಾಫ್ಟ್‌ಗಿಂತ ಸ್ವಲ್ಪ ಮೇಲಿರುತ್ತದೆ. ಮೂತಿ ಎತ್ತಿದಂತೆ ಆ ಮೇಲಿನ ಭಾರ ಹಿಂದಕ್ಕೆ ಸರಿಯುತ್ತದೆ. ಟ್ಯೂಬ್ ರಿಂಗ್ ಸಡಿಲಿಸಿ, ಫೈಂಡರ್ ಪಕ್ಕಕ್ಕೆ ಬರುವ ಹಾಗೆ ಟ್ಯೂಬನ್ನು ಉರುಳಿಸಿ. ಮುಕ್ಕಾಲು ಪಾಲು ಸರಿಹೋಗುತ್ತದೆ. ಉಳಿದದ್ದನ್ನು ಕ್ಲಚ್‌ನ ಬಿಗಿ ನೋಡಿಕೊಳ್ಳುತ್ತದೆ.

ಈಗ ಬೆಂಗಳೂರಿಗೆ ಇದು ಹೊಂದುತ್ತಾ ಅನ್ನುವ ಮಾತು. ಇಕ್ವೆಟೋರಿಯಲ್ ಮೌಂಟ್‌ಗಿಂತ (ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ವಾಲಿಸಿ ಇಡುವಂಥದ್ದು) ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಧ್ರುವ ನಕ್ಷತ್ರವೂ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಷ್ಟೇ. ಉತ್ತರಕ್ಕೆ ಒಂದು ಅಪಾರ್ಟ್‌ಮೆಂಟ್ ಎದ್ದರೆ ಧ್ರುವನ ಕಥೆ ಮುಗೀತು. ನಮ್ಮ ಏರಿಯಾದಲ್ಲಿ ಎದ್ದು ನಾಲ್ಕು ವರ್ಷವಾಯಿತು. ಸಾಲದ್ದಕ್ಕೆ ಇಷ್ಟು ಕಡಿಮೆ ಅಕ್ಷಾಂಶಕ್ಕೆ ಬಗ್ಗಿಸಿದರೆ ಕೆಲವು ಇಕ್ವೆಟೋರಿಯಲ್ ಮೌಂಟ್‌ಗಳ ತೂಕದ ಸರಳು ಟ್ರೈಪಾಡ್ ಕಾಲಿಗೆ ತಗಲುತ್ತದೆ. ಆಲ್ಟ್-ಅಜಿಮತ್‌ಗೆ ಈ ಯಾವ ಗೋಜೂ ಇಲ್ಲ. ತಂದಿಟ್ಟರೆ ಎರಡೇ ನಿಮಿಷಕ್ಕೆ ನೋಡಲು ಶುರು ಮಾಡಬಹುದು.

ಒಂದೇ ಒಂದು ಕಷ್ಟ ಅಂದರೆ ನೆತ್ತಿ. ನಮ್ಮ ಊರಲ್ಲಿ ಗ್ರಹಗಳು ನೆತ್ತಿಯ ಹತ್ತಿರವೇ ಹಾಯುತ್ತವೆ. 2026ರ ಜನವರಿಯಲ್ಲಿ ಗುರು ಮಿಥುನದಲ್ಲಿತ್ತು. ರಾತ್ರಿ ಹನ್ನೆರಡೂವರೆ ಹೊತ್ತಿಗೆ ಅದು 81 ಡಿಗ್ರಿ ಎತ್ತರದಲ್ಲಿ, ಅದೂ ನೆತ್ತಿಯಿಂದ ಉತ್ತರದ ಕಡೆಗೆ. ಅಷ್ಟು ಮೇಲಿದ್ದಾಗ ಗ್ರಹವನ್ನು ಹಿಡಿದಿಡಲು ಮೌಂಟನ್ನು ಅಡ್ಡಕ್ಕೆ ನಿಮಿಷಕ್ಕೆ ಸುಮಾರು ಒಂದೂವರೆ ಡಿಗ್ರಿ ತಿರುಗಿಸುತ್ತಲೇ ಇರಬೇಕು. ನಾಬ್ ತಿರುಗಿಸಿ ಕೈ ಸೋಲುತ್ತದೆ, ಮೇಲಾಗಿ ಕತ್ತು ನೋವು. ಒಂದು ಗಂಟೆ ಮುಂಚೆ ನೋಡಿದರೆ ಅದೇ ಗುರು 73 ಡಿಗ್ರಿಯಲ್ಲಿರುತ್ತದೆ, ಆರಾಮ. ನೆತ್ತಿಗೆ ಬಂದಾಗ ಕೆಳಗೆ ಹೋಗಿ ಕಾಫಿ ಕುಡಿದು ಬನ್ನಿ.

ಮೋಟಾರ್ ಇಲ್ಲದ್ದಕ್ಕೆ ಹೆದರಬೇಡಿ. 750 ಮಿ.ಮೀ. ಫೋಕಲ್ ಲೆಂತ್‌ನ (ಬೆಳಕು ಒಂದೆಡೆ ಕೂಡುವ ದೂರ) ನ್ಯೂಟೋನಿಯನ್‌ಗೆ 5 ಮಿ.ಮೀ. ಐಪೀಸ್ ಹಾಕಿದರೆ 150 ಪಟ್ಟು. ಸಾಧಾರಣ ಪ್ಲಾಸಲ್ ಐಪೀಸ್‌ನಲ್ಲಿ ಗ್ರಹ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾಟಲು ಒಂದೂವರೆ ನಿಮಿಷದ ಹತ್ತಿರ ಬೇಕು. ನಾಬ್ ತುಸು ತಿರುಗಿಸಿ ಸುಮ್ನೆ ನೋಡುತ್ತಿರಿ, ಅಷ್ಟೇ.

ಎರಡು ಟೆಲಿಸ್ಕೋಪ್ ಯಾಕೆ ಬೇಕು ಅಂತ ಮನೆಯಲ್ಲಿ ಕೇಳಿದರೆ ಕೃತ್ತಿಕೆ ತೋರಿಸಿ. 400 ಮಿ.ಮೀ. ಫೋಕಲ್ ಲೆಂತ್‌ನ ರಿಫ್ರಾಕ್ಟರ್‌ನಲ್ಲಿ 25 ಮಿ.ಮೀ. ಐಪೀಸ್ ಹಾಕಿದರೆ ಮೂರು ಡಿಗ್ರಿಗಿಂತ ಜಾಸ್ತಿ ಆಕಾಶ ಕಾಣುತ್ತದೆ. ಇಡೀ ಗೊಂಚಲು ಒಳಗೆ ಕೂತು, ಸುತ್ತ ಜಾಗವೂ ಉಳಿಯುತ್ತದೆ. ಅಲ್ಲಿ ಹುಡುಕಿ, ಪಕ್ಕದ ನ್ಯೂಟೋನಿಯನ್‌ಗೆ ಕಣ್ಣಿಟ್ಟು ಹತ್ತಿರದಿಂದ ನೋಡುವುದು. ರಿಫ್ರಾಕ್ಟರ್ ಒಂದು ದೊಡ್ಡ ಫೈಂಡರ್ ಆಯಿತು ಅನ್ನಿ.

ಆದರೆ ಅದಕ್ಕೆ ಎರಡೂ ಒಂದೇ ಕಡೆ ನೋಡಬೇಕಲ್ವಾ? ಹಾಕಿದ ಕೂಡಲೇ ಹಾಗೆ ನೋಡುವುದಿಲ್ಲ. ನನ್ನದರಲ್ಲಿ ಒಂದು ಡಿಗ್ರಿ ವ್ಯತ್ಯಾಸವಿತ್ತು, ಅಂದರೆ ಎರಡು ಹುಣ್ಣಿಮೆ ಚಂದ್ರರಷ್ಟು. ಇದನ್ನು ಹಗಲಲ್ಲೇ ಸರಿಮಾಡಿ, ಆದರೆ ಎದುರು ಮನೆಯ ಆಂಟೆನಾ ಇಟ್ಟುಕೊಂಡು ಮಾಡಬೇಡಿ. ಎರಡು ಟ್ಯೂಬ್‌ಗಳ ನಡುವೆ 40 ಸೆಂ.ಮೀ. ಇದೆ ಅಂದುಕೊಳ್ಳಿ. 100 ಮೀಟರ್ ದೂರದ ಆಂಟೆನಾವನ್ನು ಎರಡರಲ್ಲೂ ನಡುವಿಗೆ ತಂದರೆ, ಆಕಾಶಕ್ಕೆ ತಿರುಗಿಸಿದಾಗ ಸುಮಾರು ಅರ್ಧ ಚಂದ್ರನಷ್ಟು ತಪ್ಪಿರುತ್ತದೆ. ಎರಡು ಕಿಲೋಮೀಟರ್ ಆಚೆಯ ಮೊಬೈಲ್ ಟವರ್ ಹಿಡಿದರೆ ಆ ತಪ್ಪು ಲೆಕ್ಕಕ್ಕೇ ಬರುವುದಿಲ್ಲ.

ಮೇಲೆ-ಕೆಳಗಿನ ವ್ಯತ್ಯಾಸಕ್ಕೆ, ಒಂದು ಸ್ಯಾಡಲ್‌ನ ಬೋಲ್ಟ್ ಸಡಿಲಿಸಿ ಕೂದಲೆಳೆ ತಿರುಗಿಸಿ ಬಿಗಿ ಮಾಡಿ. ಎಡ-ಬಲದ್ದಕ್ಕೆ ಸ್ಯಾಡಲ್ ಕೆಳಗೆ ಒಂದು ತುದಿಯಲ್ಲಿ ಏನಾದರೂ ತೂರಿಸಬೇಕು. ನಾನು ಕೂಲ್ ಡ್ರಿಂಕ್ ಕ್ಯಾನ್ ಕತ್ತರಿಸಿ ತೂರಿಸಿದೆ. ಆ ತಗಡು ಸುಮಾರು 0.1 ಮಿ.ಮೀ. ದಪ್ಪ. ಸ್ಯಾಡಲ್ 10 ಸೆಂ.ಮೀ. ಉದ್ದ ಇದ್ದರೆ ಒಂದು ತುಂಡಿಗೆ ಚಂದ್ರನ ಒಂಬತ್ತನೇ ಒಂದು ಪಾಲಿನಷ್ಟು ತಿರುಗುತ್ತದೆ. ಒಂದು ಡಿಗ್ರಿಗೆ ಒಂದೂಮುಕ್ಕಾಲು ಮಿ.ಮೀ. ಬೇಕು, ಹಾಗಾಗಿ ಮೊದಲು ಒಂದು ವಾಶರ್, ಉಳಿದದ್ದಕ್ಕೆ ಕ್ಯಾನ್ ತುಂಡು. ಇಡೀ ಭಾನುವಾರ ಬೆಳಗ್ಗೆ ಇದಕ್ಕೇ ಹೋಯಿತು. ಮತ್ತೆ ಮುಟ್ಟಬೇಕಾಗಿ ಬಂದಿಲ್ಲ.

ಇನ್ನು ಮಾರ್ಪಾಡು. ಮೊಟ್ಟಮೊದಲನೆಯದು ತೀರಾ ಅಗ್ಗದ್ದು. ಪ್ರತಿ ಡವ್‌ಟೇಲ್‌ನ ಎರಡೂ ತುದಿಗೆ 5 ಮಿ.ಮೀ. ತೂತು ಹಾಕಿಸಿ, ಎಂ6 ಟ್ಯಾಪ್ ಹೊಡೆಸಿ (6 ಮಿ.ಮೀ. ಬೋಲ್ಟ್‌ಗೆ ಎಳೆ ಕೊರೆಸಿ), ಒಂದೊಂದು ಗಿಡ್ಡ ಬೋಲ್ಟ್ ತಿರುಗಿಸಿಬಿಡಿ. ಸ್ಯಾಡಲ್‌ನ ತಿರುಪು ಸಡಿಲವಾಗಿ ಟ್ಯೂಬ್ ಜಾರಿದರೂ ಆ ಬೋಲ್ಟ್ ತಲೆ ತಗಲಿ ನಿಲ್ಲುತ್ತದೆ. ಟ್ಯೂಬ್ ಮೇಲಕ್ಕೆ ನೋಡುತ್ತಿದ್ದಾಗ ಡವ್‌ಟೇಲ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಹಿಡಿದಿಡುವುದು ಎರಡು ತಿರುಪಿನ ತುದಿ ಮಾತ್ರ ಅನ್ನುವುದನ್ನು ನೆನೆಸಿಕೊಂಡರೆ ಈ ಬೋಲ್ಟ್ ಇಲ್ಲದೆ ನಿಮಗೆ ನಿದ್ದೆ ಬರಲ್ಲ.

ಎರಡನೆಯದು ಸ್ಯಾಡಲ್. ಕಡಿಮೆ ಬೆಲೆಯ ಮೌಂಟ್‌ಗಳಲ್ಲಿ ತಿರುಪಿನ ತುದಿಯೇ ಡವ್‌ಟೇಲನ್ನು ಕಚ್ಚಿ ಗುಳಿ ಮಾಡುತ್ತದೆ. ಆಮೇಲೆ ಪ್ರತಿ ಸಲ ಆ ಗುಳಿಗೇ ಹೋಗಿ ಕೂರುತ್ತದೆ. ನೀವು ಗುರುತು ಹಾಕಿದ ಬ್ಯಾಲೆನ್ಸ್ ಗೆರೆ ವ್ಯರ್ಥ. ಉದ್ದ ದವಡೆಯಿಂದ ಹಿಡಿಯುವ ಸ್ಯಾಡಲ್ ಹಾಕಿಸಿ. ವಿಕ್ಸೆನ್ ಅಳತೆಯದು (ಕಿರಿದಾದ ಡವ್‌ಟೇಲ್‌ಗೆ) ಸಾಕು, ನಿಮ್ಮ ಎರಡಕ್ಕೂ ಅಗಲವಾದ ಲಾಸ್ಮಂಡಿ ಬೇಕಿಲ್ಲ. ಮೊದಲು ನ್ಯೂಟೋನಿಯನ್ ಕಡೆ ಒಂದನ್ನು ಹಾಕಿಸಿ. ರಿಫ್ರಾಕ್ಟರ್ ಹಗುರ, ಅದು ಹಳೆಯದರಲ್ಲೇ ಇರಲಿ.

ಮೂರನೆಯದು ಟ್ರೈಪಾಡ್‌ಗೂ ಮೌಂಟ್‌ಗೂ ನಡುವೆ 25 ಸೆಂ.ಮೀ. ಕೊಳವೆ. ಟ್ಯೂಬ್ ನೆತ್ತಿಗೆ ಹೋದಾಗ ಬಾಲ ಟ್ರೈಪಾಡ್ ಕಾಲಿಗೆ ಹೊಡೆಯುವುದು ಇದರಿಂದ ತಪ್ಪುತ್ತದೆ. ಟ್ರೈಪಾಡ್ ಕಾಲನ್ನೂ ಉದ್ದ ಬಿಡಬೇಕಿಲ್ಲ, ಹಾಗಾಗಿ ನಡುಕ ಕಮ್ಮಿ. ನಾನು ಪೀಣ್ಯದ ಒಂದು ಸಣ್ಣ ಲೇತ್ ಶಾಪ್‌ನಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದೆ. ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಮೌಂಟ್ ಜೊತೆ ಬಂದ ಎಂ10 (10 ಮಿ.ಮೀ.) ಬೋಲ್ಟ್ ಕಳೆದುಹೋಗಿತ್ತು. ಎಸ್.ಪಿ. ರೋಡ್‌ನಲ್ಲಿ ಕಣ್ಣಂದಾಜಲ್ಲಿ ಒಂದು ತಂದಿದ್ದೆ. ಅದು ಮೂರು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಬಿಗಿಯಾಯಿತು. ಕೂತಿತು ಅಂದುಕೊಂಡು ಸ್ಪ್ಯಾನರ್ ಹಾಕುವವನಿದ್ದೆ. ಲೇತ್ ಯಜಮಾನರು ಅದನ್ನು ಬಿಚ್ಚಿ, ಎಳೆಗಳ ಮೇಲೆ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದರು. "ಸಾರ್, ಇದು ಎಂ ಟೆನ್ ಅಲ್ಲ, ತ್ರೀ ಬೈ ಎಯ್ಟ್ ಇಂಚು. ಎಳೆ ತಿಂದುಹಾಕಿಬಿಡುತ್ತೆ, ತೆಗೀರಿ" ಅಂದರು. ಎಂ10ರ ಪಿಚ್, ಅಂದರೆ ಎಳೆಯಿಂದ ಎಳೆಗೆ ಅಂತರ, 1.5 ಮಿ.ಮೀ., ತ್ರೀ ಬೈ ಎಯ್ಟ್‌ನದು 1.59. ಕಣ್ಣಿಗೆ ಒಂದೇ. ಕ್ಯಾಮೆರಾ ಟ್ರೈಪಾಡ್ ಸಾಮಾನು ಮನೆಯಲ್ಲಿದ್ದರೆ ಹುಷಾರು, ಅವು ಇಂಚಿನವು.

ವರ್ಮ್ ಗೇರ್‌ನಲ್ಲಿ (ನಾಬ್ ತಿರುಗಿಸಿದಾಗ ಮೌಂಟನ್ನು ನಿಧಾನಕ್ಕೆ ಸರಿಸುವ ತಿರುಪು ಮತ್ತು ಹಲ್ಲಿನ ಚಕ್ರ) ಆಟ ಇದ್ದರೆ, ಅಂದರೆ ನಾಬ್ ಹಿಂದಕ್ಕೆ ತಿರುಗಿಸಿದಾಗ ಕಾಲು ಸುತ್ತು ಏನೂ ಆಗದಿದ್ದರೆ, ಬಿಚ್ಚಿ ಹಾಕಬೇಡಿ. ವರ್ಮನ್ನು ಚಕ್ರಕ್ಕೆ ಒತ್ತುವ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ತಿರುಪು) ಇರುತ್ತದೆ. ಅಲೆನ್ ಕೀ ಹಾಕಿ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ. ಅದಕ್ಕೂ ಮುಂಚೆ ಇಡೀ 360 ಡಿಗ್ರಿ ತಿರುಗಿಸಿ, ಎಲ್ಲಿ ಅತಿ ಬಿಗಿ ಅನ್ನಿಸುತ್ತೋ ಅಲ್ಲಿ ನಿಲ್ಲಿಸಿ ಹೊಂದಿಸಿ. ಸಡಿಲ ಜಾಗದಲ್ಲಿ ಹೊಂದಿಸಿದರೆ ಬಿಗಿ ಜಾಗಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಗ್ರೀಸ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಹಿಮ ಬೀಳುವ ಊರಿನವರ ತಲೆನೋವು, ಅಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. ನಮ್ಮ ಜನವರಿ ರಾತ್ರಿಗೆ ಅದು ಬೇಕಿಲ್ಲ.

ಟೆರೇಸ್‌ನ ನಡುಕಕ್ಕೆ ಕಾಲುಗಳನ್ನು ಪೂರ್ತಿ ಒಳಗೆ ತಳ್ಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡಿ. ನಡುವೆ 5 ಲೀಟರ್ ನೀರಿನ ಕ್ಯಾನ್ ತೂಗು ಹಾಕಿ. ಅದರ ತಳ ನೆಲಕ್ಕೆ ತುಸು ತಾಗಿರಲಿ, ಇಲ್ಲದಿದ್ದರೆ ಗಾಳಿಗೆ ಅದೇ ಉಯ್ಯಾಲೆ ಆಡುತ್ತದೆ. ಹಾಂ, ಟ್ರೈಪಾಡ್‌ನ ಮಟ್ಟ ಮರೆಯಬೇಡಿ. ಎರಡು ಟೆಲಿಸ್ಕೋಪ್‌ಗಳ ತೂಕ ಬೇರೆ ಬೇರೆ ಇರುವುದರಿಂದ ಟ್ರೈಪಾಡ್ ವಾಲಿದ್ದರೆ ಭಾರದ ಕಡೆ ತಾನಾಗಿ ಇಳಿಜಾರಿಗೆ ತಿರುಗುತ್ತದೆ. ಟೆರೇಸ್‌ಗೆ ಮಳೆನೀರು ಹರಿಯಲೆಂದೇ ಇಳಿಜಾರು ಕೊಟ್ಟಿರುತ್ತಾರೆ.

ನೋಡಲು ಹೋಗುವಾಗ ನಿಮ್ಮ ನ್ಯೂಟೋನಿಯನ್ ಜೊತೆಗೇ ತಗೊಂಡು ಹೋಗಿ, ಹಗಲಲ್ಲೇ ಹೋಗಿ. ಒಂದೇ ಕಡೆ ಹಾಕಿ, ಕ್ಲಚ್ ಬಿಗಿ ಮಾಡಿ, ಟ್ಯೂಬ್ ಮೇಲೆ ಬೆರಳಿನಿಂದ ಒಂದು ತಟ್ಟು ತಟ್ಟಿ. ಐಪೀಸ್‌ನಲ್ಲಿ ಚಿತ್ರ ಎರಡು ಸೆಕೆಂಡಿನೊಳಗೆ ನಿಂತರೆ ಮೌಂಟ್ ಗಟ್ಟಿ. ಎರಡೂ ನಾಬ್‌ಗಳನ್ನು ಪೂರ್ತಿ ಸುತ್ತು ತಿರುಗಿಸಿ ನೋಡಿ. ಮತ್ತೆ ಆ ಎಂ10 ಬೋಲ್ಟ್ ಇದೆಯಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ.